ಹೈಫನ್ನಿನ ಆಚೆಯ ಒಂದು

ಪ್ರೋಗ್ರಾಮಿನ ಹೆಸರು ತೂತು.
ಹೆಸರು ಬದಲಿಸೋಣವೇ ಎಂದು ಮೊದಲ ದಿನವೇ ಕೇಳಿದ್ದೆ.
‘ಯಾಕ, ತೂತಿಲ್ದ ಕಾರ್ಡಿನ್ಯಾಗ ಹೂ ಬರ್ತಾವೇನು?’
ಅಂದರು ಹುಚ್ಚೇಶಪ್ಪ.
ತೂತೇ ಇರಲಿ.

ಗುಳೇದಗುಡ್ಡದ ಖಣಕ್ಕೆ ಮೂವತ್ತು ವರ್ಷ ಕಾರ್ಡು ಹೊಡೆದ ಕೈ
ಐವತ್ತೆರಡಕ್ಕೆ ಮಗಳ ಡಿಪ್ಲೊಮಾ ಪುಸ್ತಕ ತಿರುವಿ
ಸಿ ಕಲಿತು ಬರೆದದ್ದು:
ಚಿತ್ರ ಕೊಟ್ಟರೆ ಎಲ್ಲೆಲ್ಲಿ ತೂತು ಎಂದು ಲೆಕ್ಕ ಹೇಳುತ್ತದೆ.
ಸಾವಿರದ ನಾನೂರು ಸಾಲು.
ನಡುವೆ ಒಂದು ಟಿಪ್ಪಣಿ: ಇಲ್ಲಿ ಎಳಿ ಹರಿತೈತಿ, ಹುಷಾರ್.
ಇನ್ನೂ ಕೆಳಗೆ: ಇದು ಯಾಕ ನಡಿತೈತಿ ನನಗೂ ಗೊತ್ತಿಲ್ಲ,
ಮುಟ್ಟಬ್ಯಾಡ್ರಿ.

ಮುಟ್ಟಲಿಲ್ಲ. ನನ್ನ ಕೆಲಸ ಗಂಟು ಕಟ್ಟುವುದು.
ಹಗಲು ಪತ್ತಿನ ಸಂಘದಲ್ಲಿ ಪಾಸ್‌ಬುಕ್ಕಿನ ಎಂಟ್ರಿ,
ರಾತ್ರಿ ಭಾಂಡೆ ತೊಳೆದ ಮೇಲೆ ಇದು:
ಯಾವ ಲೈಬ್ರರಿ ಬೇಕು, ಎಷ್ಟನೆಯ ಆವೃತ್ತಿ,
ಯಾವ ಕಡತ ಯಾವ ಗೂಡಿಗೆ.
ನನ್ನ ಲ್ಯಾಪ್‌ಟಾಪಿನಲ್ಲಿ ನಡೆದರೆ ಸಾಲದು;
ಏನೂ ಇಲ್ಲದ ಖಾಲಿ ಕೋಣೆಯೊಂದನ್ನು ಹೂಡಿ
ಅದರೊಳಗೆ ಕಟ್ಟಿ ನೋಡಬೇಕು.
ಚಿತ್ರ ಓದುವ ಲೈಬ್ರರಿ ಬೇಕೆಂದು ಅಲ್ಲೇ ನಿಂತಿತು.
ಕೊಟ್ಟೆ. ಇನ್ನೊಂದು ಕೇಳಿತು,
ಮೊದಲ ಪಂಚಮಿಗೆ ಬಂದ ಅಳಿಯನ ಹಾಗೆ.
ಹೀಗೆ ಹನ್ನೊಂದು ರಾತ್ರಿ.

ಹನ್ನೆರಡಕ್ಕೆ ಎಲ್ಲ ಸರಿ, ಒಂದು ಕಡತ ಮಾತ್ರ ಖಾಲಿ.
ಇದು ಯಾರದು, ಯಾರು ಯಾರು ಬಳಸಬಹುದು.
ಅವರು ಎಲ್ಲೂ ಬರೆದೇ ಇರಲಿಲ್ಲ.

ಭಾನುವಾರ ಹೋದೆ. ಮಜ್ಜಿಗೆ ಕೊಟ್ಟರು.
‘ಬಾಯಿಲೆ ಹೇಳೇನಲ್ಲ, ಯಾರರ ತಗೋರಿ ಅಂತ.’
ಬಾಯಿಮಾತು ನಡೆಯೂದಿಲ್ರಿ ಅಲ್ಲಿ.
‘ನಲವತ್ತು ವರ್ಷ ಬಾಯಿಮಾತಿನ ಮ್ಯಾಲ ರೇಶ್ಮಿ ತಂದೇನಿ ನಾ.’
ಆಮೇಲೆ, ಲೋಟ ಕೆಳಗಿಟ್ಟು:
‘ಯಾರರ ಅಂದ್ರ… ಪಾವರ್‌ಲೂಮಿನವರೂ?’

ಇದನ್ನು ಹೇಗೆ ಹೇಳುವುದು ಎಂದು
ಓಣಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ.
ಅವರನ್ನು ಹೊರಗಿಟ್ಟರೆ ನಮ್ಮ ಗಂಟನ್ನೂ ಒಳಗೆ ಬಿಡುವುದಿಲ್ಲ,
ಅಲ್ಲಿಯ ಕಟ್ಟಳೆಯೇ ಹಾಗೆ, ಅದಕ್ಕೂ ಒಂದು ನ್ಯಾಯವಿದೆ…
ಬಾಯಿಗೆ ಬಂದದ್ದು ಇಷ್ಟೇ:
ಅವರೂ.

ಹಿಂದಿನ ಮನೆಯ ಮಗ್ಗ ಖಟ್ ಖಟ್ ಅನ್ನುತ್ತಿತ್ತು. ನಿಂತಿತು.
ಎಳೆ ಹರಿದಿರಬೇಕು.
ಮತ್ತೆ ಶುರುವಾಗುವವರೆಗೂ ಅವರು ಮಾತಾಡಲಿಲ್ಲ.
‘ಬರಿ,’ ಅಂದರು. ‘ಆದ್ರ ಯಾರ ಒಯ್ದ್ರೂ
ನನ್ ಹೆಸರ ತಗೀಬಾರ್ದು.’

ನನಗೆ ನಗು ತಡೆಯಲಿಲ್ಲ. ಬ್ಯಾಗಿನಿಂದ ಹಾಳೆ ತೆಗೆದು ತೋರಿಸಿದೆ:
ಲೈಸೆನ್ಸಿನಲ್ಲಿ ಇರುವುದೂ ಹೆಚ್ಚೂಕಡಿಮೆ ಅದೇ ಮಾತು,
ಯಾವನೋ ವಕೀಲ ಇಂಗ್ಲಿಷಿನಲ್ಲಿ ಎಳೆದಾಡಿದ್ದು.
ಕನ್ನಡಕ ಹುಡುಕಿ, ಮಗಳಿಂದ ಅರ್ಥ ಕೇಳಿ, ಸಹಿ ಮಾಡಿದರು.
ಪಕ್ಕದಲ್ಲಿ, ತಮಗೆ ಕಾರ್ಡು ಹೊಡೆಯಲು ಕಲಿಸಿದ
ಮೀರಾಸಾಬ ಮೋಮಿನರ ಹೆಸರು.
ಆ ಹೆಸರಿಗೆ ಕಡತದಲ್ಲಿ ಜಾಗ ಇರಲಿಲ್ಲ.
ಮಾಡಿದೆ.

ಆವೃತ್ತಿ ಬರೆಯುವುದು ಹೀಗೆ:
ಸೊನ್ನೆ, ಚುಕ್ಕಿ, ಮೂರು, ಹೈಫನ್, ಒಂದು.
ಹೈಫನ್ನಿನ ತನಕ ಅವರದು.
ಆಚೆಯ ಒಂದು ನನ್ನದು.
ಕಳಿಸಿದ ಮೇಲೂ ದೀಪ ಆರಿಸದೆ
ಆ ಒಂದನ್ನೇ ಬಹಳ ಹೊತ್ತು ನೋಡುತ್ತ ಕೂತಿದ್ದೆ.

ಒಂಬತ್ತನೆಯ ದಿನ ದೂರು ಬಂತು.
ಎಲ್ಲೋ ಒಂದು ದೊಡ್ಡ ಯಂತ್ರ,
ಅಂಕಿಯ ತುಂಡುಗಳನ್ನು ನಮಗೆ ಉಲ್ಟಾ ಜೋಡಿಸಿಡುವ ಜಾತಿಯದು;
ಅದರ ಮೇಲೆ ಆನೆಹೆಜ್ಜೆ ಹಿಂದುಮುಂದಾಗಿ ಬೀಳುತ್ತಿದೆಯಂತೆ.
ಹುಡುಕಿದೆ. ಆ ಮುಟ್ಟಬಾರದ ಸಾಲೇ.

ಫೋನಿನಲ್ಲಿ ಅವರು ನಕ್ಕರು.
‘ಆನಿ ಹಿಂದಕ್ಕ ಹೊಂಟೈತಿ ಅಂದ್ರ
ಊರಿಗೆ ಬರಾಕತ್ತೈತಿ ಬಿಡು.
ನಾಳೆ ಬಾ.
ಇಬ್ಬರೂ ಕೂಡಿ ಮುಟ್ಟೂಣು.’